ರಾಜಕಾಲುವೆಯ 50 ಮೀಟರ್: ಅಳತೆ ಆರಂಭವಾಗುವುದು ಎಲ್ಲಿಂದ?

ಬೆಂಗಳೂರು: ನಿವೇಶನ ಖರೀದಿಸುವವರು ಸಾಮಾನ್ಯವಾಗಿ ಕ್ರಯಪತ್ರ, ಖಾತೆ ಹಾಗೂ ಭೂ ಪರಿವರ್ತನೆ ಆದೇಶವನ್ನು ನೋಡಿ ನಿಶ್ಚಿಂತರಾಗುತ್ತಾರೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಮಹದೇವಪುರ, ಬೆಳ್ಳಂದೂರು ಭಾಗದ ಬಡಾವಣೆಗಳ ನಿವಾಸಿಗಳನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಹೊರತರಬೇಕಾಯಿತು. ನೀರು ಇಳಿದ ಬೆನ್ನಿಗೇ ರಾಜಕಾಲುವೆ ಒತ್ತುವರಿ ತೆರವಿಗೆ ಜೆಸಿಬಿಗಳು ಬಂದವು. ಆಗ ಪದೇಪದೇ ಕೇಳಿಬಂದ 'ಅಭಿವೃದ್ಧಿ', 'ಬಫರ್', 'ಬಿ ಖರಾಬು' ಎಂಬ ಪದಗಳಿಗೆ ಕಾನೂನು ನೀಡುವ ಅರ್ಥ ಆಡುಮಾತಿನ ಅರ್ಥಕ್ಕಿಂತ ಬಹಳಷ್ಟು ಭಿನ್ನ.

'ಅಭಿವೃದ್ಧಿ'ಯನ್ನೇ ನೋಡಿ. ರಾಜಕಾರಣಿಗಳ ಭಾಷಣದಲ್ಲಿ ಅದು ಪ್ರಗತಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಅದು ಒಂದು ಕ್ರಿಯೆ ಮಾತ್ರ: ಭೂಮಿಯ ಮೇಲೆ, ಒಳಗೆ ಅಥವಾ ಅಡಿಯಲ್ಲಿ ನಡೆಸುವ ಕಟ್ಟಡ, ಎಂಜಿನಿಯರಿಂಗ್, ಗಣಿಗಾರಿಕೆ ಅಥವಾ ಇತರ ಕೆಲಸ, ಭೂಬಳಕೆಯಲ್ಲಿ ಮಾಡುವ ಗಣನೀಯ ಬದಲಾವಣೆ, ಜಮೀನಿನ ವಿಭಜನೆ. ಅಂದರೆ ಮನೆ ಕಟ್ಟುವ ಮೊದಲೇ, ಹೊಲವನ್ನು ನಿವೇಶನಗಳಾಗಿ ತುಂಡರಿಸಿದಾಗಲೇ 'ಅಭಿವೃದ್ಧಿ' ಆರಂಭವಾಗಿರುತ್ತದೆ. 'ಅಭಿವೃದ್ಧಿ ನಿಷೇಧಿತ ವಲಯ'ದಲ್ಲಿ ಗೋಡೆ ಎಬ್ಬಿಸಿಲ್ಲ, ಬರೀ ಮಣ್ಣು ತುಂಬಿಸಿ ಕಲ್ಲು ನೆಟ್ಟಿದ್ದೇವೆ ಎಂಬ ವಾದ ಈ ವ್ಯಾಖ್ಯೆಯ ಮುಂದೆ ನಿಲ್ಲುವುದು ಕಷ್ಟ.

ಅಳತೆಯ ತಕರಾರು

ಬೆಂಗಳೂರಿಗೆ 2007ರಲ್ಲಿ ಅನುಮೋದನೆಗೊಂಡ 'ಪರಿಷ್ಕೃತ ನಗರ ಮಹಾಯೋಜನೆ-2015'ರ ವಲಯ ನಿಯಮಾವಳಿಯು ಕೆರೆಯ ಸುತ್ತ 30 ಮೀಟರ್ ಬಫರ್ ವಿಧಿಸಿತು. ಕಾಲುವೆಗಳನ್ನು ಪ್ರಾಥಮಿಕ, ದ್ವಿತೀಯ, ತೃತೀಯ ಎಂದು ವಿಂಗಡಿಸಿ ಎರಡೂ ಬದಿಗೆ ಕ್ರಮವಾಗಿ 50, 25 ಹಾಗೂ 15 ಮೀಟರ್ ನಿಗದಿಪಡಿಸಿತು. ಅಳತೆ ಮಾಡಬೇಕಾದುದು ಕಾಲುವೆಯ ಅಂಚಿನಿಂದಲ್ಲ, ನಟ್ಟನಡುವಿನಿಂದ. 30 ಮೀಟರ್ ಅಗಲದ ರಾಜಕಾಲುವೆಯಾದರೆ 50 ಮೀಟರ್‌ನಲ್ಲಿ 15 ಮೀಟರ್ ಕಾಲುವೆಯೊಳಗೇ ಕಳೆದುಹೋಗುತ್ತದೆ. ದಡದಲ್ಲಿ ಉಳಿಯುವುದು 35 ಮೀಟರ್ ಮಾತ್ರ. ಕಾಲುವೆ ಅಗಲವಾದಷ್ಟೂ ದಡದ ರಕ್ಷಣೆ ಕಿರಿದಾಗುವ ವಿಚಿತ್ರ ಲೆಕ್ಕವಿದು.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಈ ಲೆಕ್ಕವನ್ನೇ ತಿರುಗಿಸಿತು. ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35 ಮತ್ತು 25 ಮೀಟರ್, ಅದೂ ಅಂಚಿನಿಂದ. ಪ್ರಾಥಮಿಕ ಕಾಲುವೆಯ 50 ಎಂಬ ಅಂಕಿ ಬದಲಾಗಲಿಲ್ಲ. 'ನಡುವಿನಿಂದ' ಎಂಬುದು 'ಅಂಚಿನಿಂದ' ಎಂದಾದ ಮಾತ್ರಕ್ಕೆ ಮೇಲಿನ ಉದಾಹರಣೆಯಲ್ಲಿ ಪ್ರತಿ ಬದಿಗೂ 15 ಮೀಟರ್ ಹೆಚ್ಚಿತು. 30x40 ಅಡಿ ನಿವೇಶನದ ಉದ್ದ ಸುಮಾರು 12 ಮೀಟರ್ ಎಂಬುದನ್ನು ನೆನೆದರೆ ಒಂದು ಪದದ ಬೆಲೆ ತಿಳಿದೀತು. ಶಾಸನದಡಿ ರೂಪಿತವಾದ ನಿಯಮಾವಳಿಯನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಆ ನಿರ್ದೇಶನವನ್ನು ರದ್ದುಪಡಿಸಿತು. ಮಹಾಯೋಜನೆಯ ಅಳತೆಯೇ ಮರಳಿತು. ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಬಫರ್ ನಿಗದಿಪಡಿಸುವ, ಅಂದರೆ ಸಣ್ಣ ಕೆರೆಗಳಿಗೆ ಕಡಿಮೆ ಮಾಡುವ ಮಸೂದೆಯನ್ನು ರಾಜ್ಯ ಸರಕಾರ 2025ರಲ್ಲಿ ಮಂಡಿಸಿತು.

ಬಫರ್‌ನಲ್ಲಿ ಏನೂ ಬರುವಂತಿಲ್ಲ ಎಂದೇನೂ ಅಲ್ಲ. ನೀರಿನ ಹರಿವಿಗೆ ಅಡ್ಡಿಯಾಗದಂತೆ ರಸ್ತೆ, ಸೇತುವೆ, ಕೊಳಚೆ ನೀರು ಶುದ್ಧೀಕರಣ ಘಟಕಗಳಿಗೆ ನಿಯಮಾವಳಿ ಅವಕಾಶ ನೀಡಿತ್ತು.

ನೀರು ಏರುವ ಎತ್ತರ

ಈ ಎಲ್ಲ ಮೀಟರ್‌ಗಳೂ ಅಡ್ಡ ಅಳತೆಗಳು. ಮಳೆನೀರು ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದಕ್ಕೂ ಇವಕ್ಕೂ ನೇರ ಸಂಬಂಧವಿಲ್ಲ. ದಡ ಕಡಿದಾಗಿದ್ದರೆ 15 ಮೀಟರ್ ಸಾಕಾದೀತು. ತಗ್ಗು ಬಯಲಾಗಿದ್ದರೆ 50 ಮೀಟರ್ ದಾಟಿಯೂ ಮನೆಯೊಳಗೆ ನೀರು ನುಗ್ಗೀತು. ಇದಕ್ಕೆ ಬೇಕಾದುದು 'ನೆರೆಬಯಲು' ಎಂಬ ಪದದ ವ್ಯಾಖ್ಯೆ. ಕೇಂದ್ರ ಸರಕಾರ 1975ರಲ್ಲೇ ನೆರೆಬಯಲು ವಲಯೀಕರಣದ ಮಾದರಿ ಮಸೂದೆಯನ್ನು ರಾಜ್ಯಗಳಿಗೆ ಕಳುಹಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಬೆರಳೆಣಿಕೆಯ ರಾಜ್ಯಗಳು ಮಾತ್ರ ಶಾಸನ ಮಾಡಿದವು.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2008ರ ಮಾರ್ಗಸೂಚಿಯ ಪ್ರಕಾರ ಕೈಗಾರಿಕೆ ಮತ್ತು ಅಗತ್ಯ ಸೇವಾ ಘಟಕಗಳು '100 ವರ್ಷದ ನೆರೆ' ಮಟ್ಟಕ್ಕಿಂತ, ವಸತಿ ಪ್ರದೇಶಗಳು '25 ವರ್ಷದ ನೆರೆ' ಮಟ್ಟಕ್ಕಿಂತ ಮೇಲಿರಬೇಕು. ಇಲ್ಲಿಯೂ ಪದ ದಾರಿ ತಪ್ಪಿಸುತ್ತದೆ. 25 ವರ್ಷದ ನೆರೆ ಎಂದರೆ ಒಮ್ಮೆ ಬಂದರೆ ಮುಂದಿನ 25 ವರ್ಷ ನೆಮ್ಮದಿ ಎಂದಲ್ಲ. ಪ್ರತಿ ವರ್ಷವೂ ಶೇ 4ರಷ್ಟು ಸಂಭವ ಎಂದರ್ಥ. 30 ವರ್ಷಗಳ ಗೃಹಸಾಲ ತೀರುವುದರೊಳಗೆ ಅಂಥ ನೆರೆ ಒಮ್ಮೆಯಾದರೂ ಬರುವ ಸಂಭವ ಸುಮಾರು ಶೇ 70. ನೂರು ವರ್ಷದ ನೆರೆಗೂ ಅದೇ ಅವಧಿಯಲ್ಲಿ ಶೇ 26ರಷ್ಟು ಸಂಭವವಿದೆ.

ಪಹಣಿಯಲ್ಲಿ ನೋಡಬೇಕಾದುದು

ಖರಾಬು ಎಂದರೆ ಸಾಗುವಳಿಗೆ ಒದಗದ ಭೂಮಿ. 'ಎ' ಖರಾಬು ಹಿಡುವಳಿದಾರನ ಸ್ವಾಧೀನದಲ್ಲಿರಬಹುದು. ಹಳ್ಳ, ಕಾಲುದಾರಿ, ಕೆರೆಯಂತಹ ಸಾರ್ವಜನಿಕ ಉದ್ದೇಶದ 'ಬಿ' ಖರಾಬು ಖಾಸಗಿ ಸರ್ವೆ ನಂಬರಿನೊಳಗೇ ಹಾದುಹೋಗಿದ್ದರೂ ಮಾರಾಟಕ್ಕೆ ಸಲ್ಲುವುದಿಲ್ಲ. ಭೂ ಪರಿವರ್ತನೆ ಆದೇಶ ಕೃಷಿಯೇತರ ಬಳಕೆಗೆ ನೀಡುವ ಅನುಮತಿಯಷ್ಟೇ. ಅದರಿಂದ ಹಳ್ಳ ನಿವೇಶನವಾಗುವುದಿಲ್ಲ.

ಬಡಾವಣೆಯ ಬಣ್ಣದ ನಕ್ಷೆಯಲ್ಲಿ ಕಾಲುವೆ ಕಾಣದಿದ್ದರೂ ಹಳೆಯ ಗ್ರಾಮ ನಕ್ಷೆಯಲ್ಲಿ ಅದರ ಗೆರೆ ಇರಬಹುದು. ನಗರ ಮಹಾಯೋಜನೆಯೂ ಇದಕ್ಕೆ ಒಂದು ಷರತ್ತು ಇಟ್ಟಿತ್ತು: ನಕ್ಷೆ ತಯಾರಿಕೆಯ ದೋಷದಿಂದ ಬಫರ್ ಗುರುತಾಗದೇ ಹೋಗಿದ್ದರೂ, ಕಂದಾಯ ದಾಖಲೆಯಲ್ಲಿ ಕಾಲುವೆಯಿದ್ದರೆ ಬಫರ್ ಬಿಡಲೇಬೇಕು.