ರಾತ್ರಿ ಹನ್ನೊಂದರ ಊಟ, ಹನ್ನೆರಡಕ್ಕೆ ಎದೆಯುರಿ

ಮುಂಬಯಿ: ಚರ್ಚ್‌ಗೇಟ್‌ನಲ್ಲಿ ರಾತ್ರಿ ಒಂಬತ್ತರ ಲೋಕಲ್ ಹಿಡಿದರೆ ವಿರಾರ್‌ನ ಮನೆ ಸೇರುವಾಗ ಹತ್ತೂವರೆ. ಹಸಿದ ಹೊಟ್ಟೆಗೆ ಕುಚ್ಚಲಕ್ಕಿ ಅನ್ನ, ಮೀನು ಸಾರು ತುಂಬಿಸಿ, ಬೆಳಿಗ್ಗೆ ಐದಕ್ಕೆ ಏಳಬೇಕೆಂದು ಕೂಡಲೇ ಮಲಗುತ್ತೇವೆ. ಅರ್ಧ ನಿದ್ದೆಯಲ್ಲಿ ಎದೆಯುರಿ, ಗಂಟಲಿಗೆ ಹುಳಿನೀರು. ಗಿರಾಕಿಗಳು ಹೋದ ಮೇಲೆ ಉಣ್ಣುವ ನಮ್ಮ ಹೋಟೆಲ್ ಕಾರ್ಮಿಕರ ಪಾಡೂ ಇದೇ.

ಅನ್ನನಾಳ ಜಠರವನ್ನು ಸೇರುವಲ್ಲಿ ಸ್ನಾಯುವಿನ ಉಂಗುರವೊಂದು ಬಾಗಿಲಿನಂತೆ ಕೆಲಸ ಮಾಡುತ್ತದೆ. ಅದು ಸಡಿಲಗೊಂಡರೆ ಜಠರದ ಆಮ್ಲ ಮೇಲಕ್ಕೆ ನುಗ್ಗುತ್ತದೆ. ಹೊಟ್ಟೆ ತುಂಬಿದ್ದಾಗ ಮಲಗಿದರೆ ಅದಕ್ಕೆ ದಾರಿ ಇನ್ನಷ್ಟು ಸುಲಭ. ಹಾಗಾಗಿಯೇ ಊಟಕ್ಕೂ ನಿದ್ದೆಗೂ ಎರಡು-ಮೂರು ಗಂಟೆ ಅಂತರವಿರಬೇಕೆಂದು ವೈದ್ಯರು ಹೇಳುವುದು.

ಮುಂಬಯಿ ಬದುಕಿನಲ್ಲಿ ಇದು ಸಾಧ್ಯವೇ? ಸಂಜೆ ಏಳರೊಳಗೆ ಕೆಲಸದ ಜಾಗದಲ್ಲೇ ಡಬ್ಬಿಯ ಚಪಾತಿ-ಪಲ್ಯ ತಿಂದು, ಮನೆಯಲ್ಲಿ ಸ್ವಲ್ಪ ಗಂಜಿಗೆ ತೃಪ್ತರಾದರೆ ಅರ್ಧ ಸಮಸ್ಯೆ ಮುಗಿಯಿತು. ಮಂಚದ ತಲೆಭಾಗದ ಕಾಲುಗಳ ಕೆಳಗೆ ಆರು ಅಂಗುಲ ಎತ್ತರಕ್ಕೆ ಮರದ ತುಂಡು ಇಡಬಹುದು. ಎರಡು ದಿಂಬು ಪೇರಿಸಿದರೆ ಹೊಟ್ಟೆ ಮಡಚಿ ಒತ್ತಡವೇ ಹೆಚ್ಚೀತು. ಎಡಮಗ್ಗುಲಲ್ಲಿ ಮಲಗುವುದು ಒಳ್ಳೆಯದು.

ದಿನಕ್ಕೆ ಏಳೆಂಟು ಕಟಿಂಗ್ ಚಹಾ, ಎಣ್ಣೆಯ ವಡಾಪಾವ್, ಸೋಡಾ ಪಾನೀಯ, ಬಿಗಿದ ಬೆಲ್ಟ್, ಬೊಜ್ಜು, ಸಿಗರೇಟು, ಮದ್ಯ ಇವೂ ಕಾರಣವಾಗಬಲ್ಲವು. ಎಲ್ಲರಿಗೂ ಎಲ್ಲವೂ ಆಗದೆಂದಿಲ್ಲ. ತನಗೆ ಯಾವುದು ಉರಿ ತರುತ್ತದೆಂದು ಗಮನಿಸಿ ಅದನ್ನಷ್ಟೇ ಬಿಡಬೇಕು.

ಒಂದು ಎಚ್ಚರಿಕೆ. ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ, ಕೈ ಅಥವಾ ದವಡೆಗೆ ಹರಡುವ ನೋವು ಕಂಡರೆ 'ಗ್ಯಾಸ್' ಎಂದು ಸೋಡಾ ಕುಡಿದು ಕೂರಬಾರದು. ಹೃದಯಾಘಾತವಿದ್ದೀತು, ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಕೆ, ರಕ್ತವಾಂತಿ, ಕಪ್ಪು ಮಲ ಕಂಡರೂ ತಡಮಾಡದೆ ವೈದ್ಯರನ್ನು ಕಾಣಬೇಕು. ವಾರಗಟ್ಟಲೆ ಉರಿಯಿದ್ದರೆ ಅಂಗಡಿಯ ಮಾತ್ರೆ ನೆಚ್ಚಿಕೊಂಡಿರುವುದು ತರವಲ್ಲ.

ಕೊನೆಗೊಂದು ವಿನಂತಿ. ನಮ್ಮ ಸಂಘಗಳ ವಾರ್ಷಿಕೋತ್ಸವದಲ್ಲಿ ಸನ್ಮಾನ, ಭಾಷಣ, ನಾಟಕ ಎಲ್ಲ ಮುಗಿದು ಪ್ರೀತಿಭೋಜನ ಬಡಿಸುವಾಗ ಗಂಟೆ ಹನ್ನೊಂದು. ನಾಟಕಕ್ಕೆ ಮೊದಲೇ ಊಟ ಬಡಿಸಿದರೆ ಸಭೆಯ ಹಿರಿಯರು ಅಂದು ರಾತ್ರಿ ನೆಮ್ಮದಿಯಿಂದ ನಿದ್ರಿಸಿಯಾರು. ಪದಾಧಿಕಾರಿಗಳು ಯೋಚಿಸಬಾರದೇ?