ಪೆಡಲ್ ತುಳಿಯುವುದು ಹೊಟ್ಟೆ

ಕೊಚ್ಚಿಯ ಕಳಮಶ್ಶೇರಿಯಿಂದ ತಿರುವನಂತಪುರಕ್ಕೆ ಆಲಪ್ಪುಳ, ಕೊಲ್ಲಂ ಮಾರ್ಗವಾಗಿ 200 ಕಿಲೋಮೀಟರಿಗಿಂತ ತುಸು ಹೆಚ್ಚು. ಸೈಕಲ್ಲಿನಲ್ಲಿ ಹೋಗಿ ಬಂದರೆ ದೂರದ ಸವಾರರ ಭಾಷೆಯಲ್ಲಿ ಅದೊಂದು ‘400’. ಈ ಸವಾರಿಗಳಿಗೆ ಬ್ರೆವೆ ಎಂದು ಹೆಸರು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆಯ ಗಡುವು. ಭಾಗಿಸಿ ನೋಡಿದರೆ ಗಂಟೆಗೆ ಸುಮಾರು 15 ಕಿ.ಮೀ. ಶಾಲೆಗೆ ಹೊರಟ ಹುಡುಗರೂ ಆ ವೇಗದಲ್ಲಿ ಹೋಗುತ್ತಾರೆ. ಆದರೂ ಗಟ್ಟಿಮುಟ್ಟಾದವರೇ ಅರ್ಧ ದಾರಿಯಲ್ಲಿ ಸೈಕಲ್ಲನ್ನು ಬಸ್ಸಿಗೋ ರೈಲಿಗೋ ಏರಿಸುತ್ತಾರೆ. ಬಹಳ ಸಲ ಅವರಿಗೆ ಕೈಕೊಡುವುದು ಕಾಲಲ್ಲ, ಹೊಟ್ಟೆ.

ಲೆಕ್ಕ ಹಾಕೋಣ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 22 ಕಿ.ಮೀ. ವೇಗಕ್ಕೆ ಸಾಮಾನ್ಯ ಸವಾರನಿಗೆ ಹೆಚ್ಚುಕಡಿಮೆ 90ರಿಂದ 100 ವಾಟ್ ಬೇಕು. ಸ್ನಾಯುಗಳ ದಕ್ಷತೆ ಕಾಲು ಭಾಗಕ್ಕಿಂತ ಹೆಚ್ಚಿಲ್ಲ. ಹಾಗಾಗಿ 100 ವಾಟ್ ಪೆಡಲಿಗೆ ಮುಟ್ಟಿಸಲು ದೇಹ ಗಂಟೆಗೆ ಸುಮಾರು 350 ಕಿಲೋಕ್ಯಾಲೊರಿ ಉರಿಸುತ್ತದೆ. ತಿರುವನಂತಪುರ ಮುಟ್ಟುವ ಹೊತ್ತಿಗೆ 3,000 ದಾಟಿರುತ್ತದೆ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು ಅರ್ಧ ಕಿಲೋ, ಅಂದರೆ 2,000 ಕಿಲೋಕ್ಯಾಲೊರಿ. ಕೊಬ್ಬು ಬೇಕಾದಷ್ಟಿದೆ, ಆದರೆ ಅದು ನಿಧಾನವಾಗಿ ಉರಿಯುವ ಇಂಧನ. ನಿಧಾನವಾಗಿ ತುಳಿದವರಿಗಷ್ಟೇ ಹೆಚ್ಚು ಒದಗುತ್ತದೆ. ಹುರುಪಿನಲ್ಲಿ ವೇಗವನ್ನು 30ಕ್ಕೆ ಏರಿಸಿದರೆ ಗಾಳಿಯ ತಡೆಯಿಂದಾಗಿ ಬೇಕಾಗುವ ಶಕ್ತಿ ಬಹುತೇಕ ಇಮ್ಮಡಿ. ಗ್ಲೈಕೋಜನ್ ಬರಿದಾಗುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಸವಾರರು ‘ಬಾಂಕ್ ಆಯಿತು’ ಎನ್ನುವುದು ಇದಕ್ಕೇ.

ಹಾಗಾದರೆ ತಿನ್ನುತ್ತಾ ಹೋದರಾಯಿತಲ್ಲ? ಅಡ್ಡಿ ಇರುವುದೇ ಅಲ್ಲಿ. ಕರುಳು ಗಂಟೆಗೆ ಹೀರಿಕೊಳ್ಳುವ ಗ್ಲೂಕೋಸ್ ಸುಮಾರು 60 ಗ್ರಾಂ. ಫ್ರಕ್ಟೋಸಿಗೆ ಬೇರೆಯೇ ಬಾಗಿಲಿದೆ. ಎರಡೂ ಸೇರಿದರೆ ಅಭ್ಯಾಸವಾದವರಿಗೆ 90 ಗ್ರಾಂವರೆಗೆ ದಕ್ಕುತ್ತದೆ. ಕಳಿತ ನೇಂದ್ರ ಬಾಳೆ, ಬೆಲ್ಲದ ಚೂರು, ಎರಡರಲ್ಲೂ ಈ ಜೋಡಿ ಇದೆ. ದುಬಾರಿ ಜೆಲ್ ಪೊಟ್ಟಣಗಳ ಮೇಲೆ ನನಗೇನೂ ದ್ವೇಷವಿಲ್ಲ. ಆದರೆ ಹೆಜ್ಜೆಗೊಂದು ಬಾಳೆಗೊನೆ ತೂಗುವ ಕೇರಳದ ಹೆದ್ದಾರಿಯಲ್ಲಿ ಅವನ್ನು ಜೇಬಿನ ತುಂಬ ಹೊತ್ತು ಹೋಗುವುದು ವಿಚಿತ್ರವೆನ್ನಿಸುತ್ತದೆ.

ಇದರ ಮೇಲೆ ಸೆಕೆ ಬೇರೆ. ಬೆಳಿಗ್ಗೆ 6ಕ್ಕೆ ಕಳಮಶ್ಶೇರಿ ಬಿಟ್ಟವರು ಸುಮಾರು 150 ಕಿ.ಮೀ. ದೂರದ ಕೊಲ್ಲಂ ಸೇರುವಾಗ ಮಧ್ಯಾಹ್ನ ಒಂದೂವರೆ. ಅಲ್ಲಿಯವರೆಗೆ ಕರಾವಳಿಯ ಸಪಾಟು ದಾರಿ. ಚಾತನ್ನೂರು, ಆಟ್ಟಿಂಗಲ್ ಕಡೆಯ ಏರಿಳಿತ ಶುರುವಾಗುವುದು ಆಮೇಲೆ, ಬಿಸಿಲು ನೆತ್ತಿಗೇರಿದಾಗ. ಗಂಟೆಗೆ ಉರಿಸಿದ 350ರಲ್ಲಿ 270ರಷ್ಟು ಬರೀ ಶಾಖ. ಅದನ್ನು ಹೊರಹಾಕಲು ಅರ್ಧ ಲೀಟರಿನಷ್ಟು ಬೆವರು ಆವಿಯಾಗಬೇಕು. ಗಮನಿಸಿ, ಸುರಿದರೆ ಸಾಲದು, ಆವಿಯಾಗಬೇಕು. ತೇವ ತುಂಬಿದ ಗಾಳಿಯಲ್ಲಿ ಬೆವರು ಮೊಣಕೈಯಿಂದ ತೊಟ್ಟಿಕ್ಕಿ ರಸ್ತೆಯ ಪಾಲಾಗುತ್ತದೆ, ಮೈ ಮಾತ್ರ ತಣಿಯುವುದಿಲ್ಲ. ಸ್ನಾಯುವಿಗೆ ರಕ್ತ ಬೇಕು, ತಣಿಸಲು ಚರ್ಮಕ್ಕೆ ಬೇಕು, ಅರಗಿಸಲು ಕರುಳಿಗೂ ಬೇಕು. ಒಂದೇ ಟ್ಯಾಂಕಿಗೆ ಮೂರು ನಲ್ಲಿ ಹಾಕಿದಂತೆ. ಮೊದಲು ಒಣಗುವುದು ಕರುಳಿನ ನಲ್ಲಿ. ವಾಕರಿಕೆ ಬರುವುದು, ಅನ್ನ ಕಂಡರಾಗದಿರುವುದು ಇದರಿಂದಲೇ.

ನೀರನ್ನೇ ಕುಡಿಯುತ್ತಾ ಹೋದರೆ ಇನ್ನೊಂದು ಅಪಾಯ: ರಕ್ತದ ಸೋಡಿಯಂ ತೆಳುವಾಗುತ್ತದೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13 ಮಂದಿಯಲ್ಲಿ ಈ ಕೊರತೆ ಕಂಡಿತ್ತು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಚಿಟಿಕೆ ಉಪ್ಪು ಬೇಕೇ ಬೇಕು. ಉಪ್ಪು ಹಾಕಿದ ನಿಂಬೆ ಸೋಡಾ, ಕೇರಳದವರ ಸಂಭಾರಂ ಮಜ್ಜಿಗೆ ಇನ್ನೂ ಒಳ್ಳೆಯದು. ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಒಂದರ ಕೈ ಇನ್ನೊಂದು ಹಿಡಿದು ಒಳಹೋಗುತ್ತವೆ, ನೀರು ಅವುಗಳ ಬೆನ್ನಿಗೆ ಹೋಗುತ್ತದೆ. 1971ರಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಕಾಲರಾ ರೋಗಿಗಳನ್ನು ಉಳಿಸಿದ ಓಆರ್‌ಎಸ್ ಹಿಂದಿನ ತತ್ತ್ವವೂ ಇದೇ.

ಸಮಾಧಾನದ ಸಂಗತಿಯೆಂದರೆ ಕರುಳನ್ನೂ ಪಳಗಿಸಬಹುದು. ವಾರಾಂತ್ಯದ ಉದ್ದ ಸವಾರಿಗಳಲ್ಲಿ ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿಂದು ರೂಢಿ ಮಾಡಿಕೊಂಡರೆ ಕೆಲವೇ ವಾರಗಳಲ್ಲಿ ಅದು ಹೆಚ್ಚು ಹೀರಲು ಕಲಿಯುತ್ತದೆ. ಸೆಕೆಯಲ್ಲಿ 10ರಿಂದ 14 ದಿನ ಬೆವರಿದರೆ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಹೋಗುವ ಉಪ್ಪೂ ಕಡಿಮೆಯಾಗುತ್ತದೆ. ಕಾಸರಗೋಡಿನವರಿಗೆ ಇದು ಹುಟ್ಟಿದೂರಿನ ಕೊಡುಗೆ. ಬೆಂಗಳೂರಿನ ತಂಪಿನಿಂದ ನೇರ ಕೊಚ್ಚಿಗೆ ಇಳಿಯುವವರು ಸಂಪಾದಿಸಿಕೊಳ್ಳಬೇಕು. 2017ರಲ್ಲಿ ಅಮೆರಿಕವನ್ನು ಅಡ್ಡಹಾಯುವ ಸುಮಾರು 4,800 ಕಿ.ಮೀ.ಯ ‘ರೇಸ್ ಅಕ್ರಾಸ್ ಅಮೆರಿಕ’ವನ್ನು ಒಂಟಿಯಾಗಿ ಮುಗಿಸಿದ ಮೊದಲ ಇಬ್ಬರು ಭಾರತೀಯರು ಶ್ರೀನಿವಾಸ್ ಗೋಕುಲನಾಥ್ ಮತ್ತು ಅಮಿತ್ ಸಮರ್ಥ್. ಇಬ್ಬರೂ ವೈದ್ಯರು. ಇದು ಬರೀ ಕಾಕತಾಳೀಯವೆಂದು ನನಗನ್ನಿಸುವುದಿಲ್ಲ.

ಪಳಗಿಸಲಾಗದ್ದು ನಿದ್ದೆ. 17 ಗಂಟೆ ಎಚ್ಚರವಿದ್ದವನ ಪ್ರತಿಕ್ರಿಯೆ ರಕ್ತದಲ್ಲಿ ಶೇ. 0.05 ಮದ್ಯ ಇರುವವನಷ್ಟು ಮಂದವೆಂದು 1997ರ ಪ್ರಯೋಗವೊಂದು ತೋರಿಸಿತು. ನಮ್ಮ ಕಾನೂನು ವಾಹನ ಚಾಲಕನಿಗೆ ಬಿಡುವುದು 0.03. ನಸುಕಿನ 4ಕ್ಕೆ ಎದ್ದವನು ರಾತ್ರಿ 9ಕ್ಕೇ ಆ ಸ್ಥಿತಿಗೆ ಬಂದಿರುತ್ತಾನೆ, ಎದುರಿಗೆ ಲಾರಿಗಳ ದೀಪ. ಒಂದು ಲೋಟ ಕಾಫಿ ಕುಡಿದು ಪೆಟ್ರೋಲ್ ಬಂಕಿನ ಬದಿಯಲ್ಲಿ 20 ನಿಮಿಷ ಮಲಗಿದರೆ ಏಳುವಾಗ ಕೆಫೀನ್ ಕೆಲಸ ಶುರುಮಾಡಿರುತ್ತದೆ. ಗಡುವಿನಲ್ಲಿ ಅಷ್ಟಕ್ಕೆ ಜಾಗವಿದೆ.

ಹೆಸರು ನೋಂದಾಯಿಸುವುದು ಸುಲಭ. ದೇಶದ ಬ್ರೆವೆಗಳನ್ನು ನೋಡಿಕೊಳ್ಳುವ ಆಡಾಕ್ಸ್ ಇಂಡಿಯಾದ ಪಟ್ಟಿಯಲ್ಲಿ ಹತ್ತಿರದ ಕ್ಲಬ್ಬಿನ ಬ್ರೆವೆ ಆರಿಸಬೇಕು. ಹೆಲ್ಮೆಟ್, ಹಿಂದೆ ಮುಂದೆ ದೀಪ, ರಾತ್ರಿಗೆ ಹೊಳೆಯುವ ಜಾಕೆಟ್ ಕಡ್ಡಾಯ. ದಾರಿಯಲ್ಲಿ ಬ್ರೆವೆ ಕಾರ್ಡಿಗೆ ಮುದ್ರೆ. ಜನರಿಲ್ಲದ ಕಡೆ ಎಟಿಎಂ ಚೀಟಿಯೂ ಸಾಕ್ಷಿಯಾಗುತ್ತದೆ. ಮೊದಲನೆಯವ, ಕೊನೆಯವ ಎಂಬ ಪಟ್ಟಿ ಇಲ್ಲ. ಋತು ನವೆಂಬರಿನಿಂದ ಅಕ್ಟೋಬರ್. 200, 300, 400, 600 ನಾಲ್ಕನ್ನೂ ಒಂದೇ ಋತುವಿನಲ್ಲಿ ಮುಗಿಸಿದವರು ‘ಸೂಪರ್ ರಾಂಡೊನರ್’. 1891ರಲ್ಲಿ ಶುರುವಾದ, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1,200 ಕಿ.ಮೀ.ಯ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ಗೂ ಈ ನಾಲ್ಕೇ ಅರ್ಹತೆ. ಕೇರಳದಲ್ಲಿ ಮೊದಲ 200 ಮಾಡುವವರು ಡಿಸೆಂಬರ್ ಅಥವಾ ಜನವರಿಯನ್ನು ಆರಿಸಲಿ. ಏಪ್ರಿಲಿನ 400 ಮುಂದಿನ ವರ್ಷಕ್ಕಿರಲಿ.