ನೆರೆ ಬರುವ ಮುನ್ನ ನೆರೆಮನೆ

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಹೊಳೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿತು; ಐಹೊಳೆಯೂ ಜಲಾವೃತವಾಯಿತು. 2009ರ ನೆರೆ ಕಂಡಿದ್ದ ಬಾದಾಮಿ, ಹುನಗುಂದ ಭಾಗದ ಊರುಗಳಿಗೆ ಇದು ಹೊಸದೇನಲ್ಲ. ಆದರೆ ಈ ಹೊಳೆಯ ನೆರೆಗೊಂದು ಗುಣವಿದೆ: ಬಹುಮಟ್ಟಿಗೆ ಅದು ಹೇಳಿ ಬರುತ್ತದೆ. ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟ ನೀರು ಈ ಊರುಗಳಿಗೆ ಮುಟ್ಟಲು ತಾಸುಗಟ್ಟಲೆ ಬೇಕು. ಆ ತಾಸುಗಳನ್ನು ಬಳಸಿಕೊಳ್ಳುವವರು ಯಾರು? ಬಾಗಲಕೋಟೆಯಿಂದ ದೋಣಿ ಬರುವಷ್ಟರಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ದಿನ್ನೆಗೆ ಸಾಗಿಸಬೇಕು, ದನಗಳ ಕಣ್ಣಿ ಬಿಚ್ಚಬೇಕು. ಇಳಕಲ್ಲಿನಂಥ ನೇಕಾರರ ಊರಲ್ಲಾದರೆ ಮಳೆನೀರು ಕುಣಿಮಗ್ಗಕ್ಕೆ ಇಳಿಯುವ ಮೊದಲೇ ರೇಷ್ಮೆ ನೂಲನ್ನು ಮೇಲೆತ್ತಿಡಬೇಕು. ಯಾವ ಮನೆಯಲ್ಲಿ ಯಾರಿದ್ದಾರೆ, ಏನಿದೆ ಎಂಬುದು ಸರಿಯಾಗಿ ಗೊತ್ತಿರುವುದು ನೆರೆಮನೆಯವರಿಗೇ.

ನೆರೆಯಿಂದ ಜನರನ್ನು ಕಾಪಾಡುವುದು ಸರ್ಕಾರದ ಕೆಲಸವಲ್ಲವೇ ಎಂಬ ಆಕ್ಷೇಪ ನ್ಯಾಯವೇ. ಆದರೆ ಸರ್ಕಾರ ಎಷ್ಟೇ ಬೇಗ ಹೊರಟರೂ ದಾರಿ ಮುಳುಗಿದ ಮೇಲೆ ತಡವಾಗಿಯೇ ತಲುಪುತ್ತದೆ. ನೆರವಿಗೆ ಇಳಿದ ಹುರುಪಿನ ಹುಡುಗರು ತಾವೇ ಕೊಚ್ಚಿಹೋದಾರೆಂಬ ಭಯವೂ ಸುಳ್ಳಲ್ಲ. ಅದಕ್ಕೇ ತರಬೇತಿ ಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದಾ ಮಿತ್ರ’ ಯೋಜನೆ 2016ರಲ್ಲಿ 30 ಜಿಲ್ಲೆಗಳಲ್ಲಿ ಶುರುವಾಗಿ, ಬಳಿಕ 350 ಜಿಲ್ಲೆಗಳಲ್ಲಿ 1 ಲಕ್ಷ ಸ್ವಯಂಸೇವಕರ ಗುರಿಗೆ ಬೆಳೆದದ್ದು ಊರವರೇ ಮೊದಲು ನೆರವಿಗೆ ಬರುತ್ತಾರೆಂಬ ಲೆಕ್ಕದಿಂದ. ಅದರ ತರಬೇತಿ 12 ದಿನದ್ದಾಗಿತ್ತು. ನನ್ನ ಮಟ್ಟಿಗೆ ಅಂಥ ತರಬೇತಿಯಲ್ಲಿ ಮೊದಲು ಕಲಿಯಬೇಕಾದದ್ದು ಈಜಲ್ಲ. ಎಲ್ಲಿ ನೀರಿಗಿಳಿಯಬಾರದು, ದಡದಿಂದಲೇ ಹಗ್ಗ ಎಸೆಯುವುದು ಹೇಗೆ ಎಂಬುದು. ಮುಂಗಾರಿಗೆ ಮುನ್ನ, ಮೇ ತಿಂಗಳಲ್ಲೇ, ಹೊಳೆದಂಡೆಯ ಪ್ರತಿ ಪಂಚಾಯಿತಿ ಈಜು ಬಲ್ಲವರ, ಟ್ರ್ಯಾಕ್ಟರ್ ಉಳ್ಳವರ ಹೆಸರು, ನಂಬರುಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಲಿ.